ನಮ್ಮತ್ತೆಯ ಸಾಮಾನಿಗೆಲ್ಲ ಕೆಲಸ ಸಿಕ್ಕಿದ್ದು

ನಮ್ಮ ಮನೆಯಲ್ಲಿ ಇಂಥದ್ದೆಲ್ಲ ಯಾಕೆ ನಡೆಯುತ್ತಲೇ ಇರುತ್ತದೆ ಎಂದು ನನ್ನನ್ನು ಕೇಳಬೇಡಿ, ನಮ್ಮತ್ತೆಯನ್ನು ಕೇಳಿ. ಅವರೂ ಹೇಳುವುದಿಲ್ಲ. ಕೇಳಿದವರ ಕೈಗೇ ಒಂದು ತುಕ್ಕು ಹಿಡಿದ ಡಬ್ಬಿ ಕೊಟ್ಟು, "ಇದ್ರಲ್ಲಿ ಏನಾದ್ರೂ ಇಟ್ಕೋಬೋದಾ ನೋಡು" ಅನ್ನುತ್ತಾರೆ.

ನಾನು ತರೀಕೆರೆ ಕಡೆಯವಳು. ಮದುವೆಯಾಗಿ ಯಗಟಿ ಹತ್ತಿರದ ಈ ಊರಿಗೆ ಬರುವಾಗ ನನ್ನಮ್ಮ ಒಂದು ಹೊಲಿಗೆ ಮೆಷೀನು ಕೊಟ್ಟು ಕಳಿಸಿದ್ದಳು. ರಾಗಿ, ತೆಂಗು, ದನ, ಮಕ್ಕಳು ಅನ್ನುವುದರಲ್ಲಿ ಮೆಷೀನು ತುಳಿಯಲು ಪುರುಸೊತ್ತೇ ಸಿಗಲಿಲ್ಲ. ಈಗ ಮಕ್ಕಳು ಹೈಸ್ಕೂಲು ಸೇರಿದ್ದಾರೆ. ನನಗಿದ್ದದ್ದು ಒಂದೇ ಆಸೆ: ರಸ್ತೆ ಕಡೆಗಿರುವ ಮುಂದಿನ ಕೋಣೆಯಲ್ಲಿ ನನ್ನದೇ ಒಂದು ಟೈಲರಿಂಗ್ ಅಂಗಡಿ ಇಡಬೇಕು. ಊರಿನ ಹೆಂಗಸರೆಲ್ಲ ಒಂದು ಬ್ಲೌಸಿಗಾಗಿ ಕಡೂರಿಗೆ ಅಲೆಯುವುದನ್ನು ನೋಡಿ ನೋಡಿ ನನ್ನ ಕಾಲು ತುರಿಸುತ್ತಿತ್ತು.

ಆದರೆ ಆ ಕೋಣೆಯಲ್ಲಿ ಆಗಲೇ ಬಾಡಿಗೆದಾರರಿದ್ದರು. ಕೆಟ್ಟ ಫ್ರಿಡ್ಜು, ಕೆಟ್ಟ ಟಿ.ವಿ., ಕಡ್ಡಿ ಮುರಿದ ಕೊಡೆಗಳು, ಹಿಡಿ ಹೋದ ಪಾತ್ರೆಗಳು, ಮೂರು ಕಾಲಿನ ಕುರ್ಚಿ. ನಮ್ಮತ್ತೆ ಏನನ್ನೂ ಬಿಸಾಡುವವರಲ್ಲ. ಕೋಣೆ ಕೇಳಿದಾಗ ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ, ಅದಕ್ಕಿಂತ ಕಷ್ಟದ ಮಾತು ಹೇಳಿದರು.

"ತಗೊಳ್ಳೇ, ಬೇಡ ಅಂದೋರ್ಯಾರು? ಆದ್ರೆ ಒಂದು ಸಾಮಾನೂ ಗುಜರಿಗೆ ಹೋಗ್ಕೂಡ್ದು. ಒಂದೊಂದಕ್ಕೂ ಒಂದೊಂದು ಕೆಲ್ಸ ಹುಡುಕಿ ಆಚೆ ಕಳ್ಸು. ಕೋಣೆ ಖಾಲಿಯಾದ ದಿನ ನಿಂದೇ."

ಡಿಗ್ರಿ ಮಾಡಿದ ಹುಡುಗರೇ ಕೆಲಸವಿಲ್ಲದೆ ಅರಳಿಕಟ್ಟೆ ಮೇಲೆ ಕೂತಿರುವಾಗ, ನಾನು ಮೂರು ಕಾಲಿನ ಕುರ್ಚಿಗೆ ಕೆಲಸ ಕೊಡಿಸಲು ಹೊರಟೆ.

ಫ್ರಿಡ್ಜು

ಮೊದಲು ಎದ್ದಿದ್ದು ಫ್ರಿಡ್ಜು. ಅದನ್ನು ನಾನೂ ನನ್ನ ಗಂಡನೂ ಹಿತ್ತಲಿಗೆ ತಳ್ಳಿ, ಒಳಗೆ ಹುಲ್ಲು ಹಾಸಿ, ಬಾಗಿಲು ಪೂರ್ತಿ ಮುಚ್ಚದ ಹಾಗೆ ಒಂದು ಇಟ್ಟಿಗೆ ಇಟ್ಟೆವು. ಸಂಜೆಯೊಳಗೆ ನಮ್ಮ ಕೆಂಪು ಕೋಳಿ ಒಳಗೆ ಹೋಗಿ ಕೂತಿತು. ಆ ಫ್ರಿಡ್ಜು ಕೊಂಡಾಗ ನಮಗೂ ಅಷ್ಟು ಸಂತೋಷವಾಗಿರಲಿಲ್ಲ.

ಒಂದು ದಿನ ಸುಡುವ ಮಧ್ಯಾಹ್ನ ಕರೆಂಟ್ ಬಿಲ್ಲು ಬರೆಯುವವನು ಬಂದ. ನೀರು ಕೇಳಿದ. ಅತ್ತೆ ರಾಗಿ ಕೇರುತ್ತಾ ಕೂತಲ್ಲಿಂದಲೇ, "ಹಿತ್ತಲಲ್ಲಿ ಫ್ರಿಡ್ಜ್ ಪಕ್ಕ ಮಡಕೆ ಐತೆ, ಬಗ್ಗಿಸ್ಕೊಂಡು ಕುಡಿಯಪ್ಪಾ" ಅಂದರು. ಅಂಥ ಬಿಸಿಲಲ್ಲಿ ಫ್ರಿಡ್ಜು ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಮಡಕೆ ಯಾರಿಗೆ ಬೇಕು? ಅವನು ನೇರವಾಗಿ ಬಾಗಿಲು ತೆಗೆದ.

ಕೋಳಿ ಅವನ ಮುಖಕ್ಕೇ ಹಾರಿತು. ಅವನ ಬಿಲ್ಲಿನ ಮೆಷೀನು ಒಂದು ಕಡೆ, ಕಾಗದದ ಸುರುಳಿ ಒಂದು ಕಡೆ. ಪಾಪ, ಸುಧಾರಿಸಿಕೊಂಡು, ಅಂಗಿಯ ಮೇಲಿನ ಪುಕ್ಕ ಕೊಡವಿಕೊಂಡು ಮುಂದೆ ಬಂದ. ಆದರೆ ಅವನದು ಅವನ ಕೆಲಸ ನೋಡಿ, ಅನುಮಾನ ಬಂತು.

"ಅಮ್ಮಾ, ಹೊರಗಡೆ ಇಟ್ಟಿದ್ದೀರಲ್ಲ, ಆ ಫ್ರಿಡ್ಜಿಗೆ ಕರೆಂಟ್ ಎಲ್ಲಿಂದ ಎಳ್ದಿದೀರಿ?"

ಅತ್ತೆ ಮೊರದಿಂದ ಕಣ್ಣೆತ್ತಲಿಲ್ಲ. "ಅದು ಕರೆಂಟ್ ತಿನ್ನಲ್ಲ ಕಣಪ್ಪಾ. ದಿನಕ್ಕೊಂದು ಹಿಡಿ ರಾಗಿ ತಿನ್ನುತ್ತೆ."

ಕೋಟು

ಟ್ರಂಕಿನಲ್ಲಿ ನನ್ನ ಗಂಡನ ಮದುವೆಯ ಕೋಟು ಪ್ಯಾಂಟು ಇತ್ತು. ಈಗ ಅದರ ಗುಂಡಿ ಹಾಕಬೇಕಾದರೆ ಅವರು ಉಸಿರು ಬಿಡಬಾರದು. ಕತ್ತರಿಸಿ ಚೀಲ ಹೊಲಿಯೋಣ ಅಂದರೆ ಅವರಿಗೆ ಮನಸ್ಸಿಲ್ಲ. ಕೊನೆಗೆ ಸೂರ್ಯಕಾಂತಿ ಹೊಲಕ್ಕೆ ಬೆರ್ಚಪ್ಪನನ್ನು ನಿಲ್ಲಿಸುವಾಗ ಆ ಕೋಟು ನೆನಪಾಯಿತು. ಎರಡು ಬಿದಿರು, ಒಂದಿಷ್ಟು ಹುಲ್ಲು, ತಲೆಗೆ ಮಡಕೆ, ಮಡಕೆಗೆ ಟವೆಲ್ಲು. ಇಷ್ಟು ಚೆನ್ನಾಗಿ ಡ್ರೆಸ್ ಮಾಡಿಕೊಂಡ ಬೆರ್ಚಪ್ಪ ಸುತ್ತಮುತ್ತ ಎಲ್ಲೂ ಇರಲಿಲ್ಲ.

ನಾಲ್ಕೈದು ದಿನ ಕಳೆದ ಮೇಲೆ ಕುರಿ ಕಾಯುವ ತಾತ ಮನೆ ಬಾಗಿಲಿಗೆ ಬಂದ. ಮುಖ ಸಪ್ಪಗಿತ್ತು.

"ಅವ್ವಾ, ಯಜಮಾನ್ರಿಗೆ ನನ್ ಮ್ಯಾಲೆ ಏನಾರ ಸಿಟ್ಟಾ?"

"ಯಾಕ್ ತಾತ?"

"ಬೆಳಿಗ್ಗೇನೇ ಎದ್ದು ಹೊಲ್ದಾಗೆ ನಿಂತಿರ್ತಾರೆ. ನಮಸ್ಕಾರ ಅಂದ್ರೂ ಮಾತಿಲ್ಲ. ಬಿಸ್ಲು ಐತೆ ನೆಳ್ಳಿಗೆ ಬನ್ನಿ ಸ್ವಾಮಿ ಅಂದ್ರೂ ತಿರುಗಿ ನೋಡಲ್ಲ. ನಂಗೆ ಹೆದ್ರಿಕೆಯಾಗಿ ಕುರೀನೆಲ್ಲ ಹಳ್ಳದ ಕಡೆಯಿಂದ ಸುತ್ತಾಕ್ಕೊಂಡು ಹೊಡ್ಕೊಂಡು ಹೋಗ್ತಾ ಇವ್ನಿ."

ತಾತನ ಕಣ್ಣಿಗೆ ಪೊರೆ ಬಂದಿತ್ತು ಅನ್ನುವುದು ನಮಗೆ ಗೊತ್ತಾಗಿದ್ದೇ ಹಾಗೆ. ಮುಂದೆ ಅವನನ್ನು ಕಣ್ಣಿನ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದೂ ನನ್ನ ಗಂಡನೇ. ಆದರೆ ಆ ಹೊತ್ತಿನಲ್ಲಿ ಯಜಮಾನರು ಒಳಗೆ ಮಂಚದ ಮೇಲೆ ಮಲಗಿ ಮೊಬೈಲು ನೋಡುತ್ತಿದ್ದರು. ಅತ್ತೆ ಅವರನ್ನೊಮ್ಮೆ ನೋಡಿದರು, ತಾತನನ್ನೊಮ್ಮೆ ನೋಡಿದರು.

"ಸಿಟ್ಟೇನಿಲ್ಲ ಹೋಗಪ್ಪಾ. ಮದ್ವೆಯಾದಾಗಿಂದ ಆ ಕೋಟಿಗೆ ಹೊಲದ ಮೇಲೆ ಆಸೆ ಇತ್ತು, ಒಳಗಿದ್ದೋನು ಬಿಟ್ಟಿರ್ಲಿಲ್ಲ."

ಟಿ.ವಿ.

ಡಬ್ಬದಂಥ ಹಳೇ ಟಿ.ವಿ. ಕೂತಿದ್ದದ್ದು ನನ್ನ ಹೊಲಿಗೆ ಮೆಷೀನಿನ ಮೇಲೆ. ಅಂದರೆ ಟಿ.ವಿ.ಗೆ ಕೆಲಸ ಸಿಗುವ ತನಕ ಮೆಷೀನಿಗೆ ಬಿಡುಗಡೆಯಿಲ್ಲ. ರಿಪೇರಿಯವನನ್ನು ಕರೆಸಿ ಒಳಗಿನ ಟ್ಯೂಬು, ವೈರು ಎಲ್ಲ ತೆಗೆಸಿದೆ. ಖಾಲಿ ಡಬ್ಬ ಉಳಿಯಿತು. ಅದನ್ನು ಏನು ಮಾಡುವುದೆಂದು ನಾನು ಯೋಚಿಸುತ್ತಿರುವಾಗ ಅತ್ತೆ ತಾವೇ ತೊಳೆದು, ಒರೆಸಿ, ಒಳಗೆ ದೇವರ ಪಟಗಳನ್ನು ಜೋಡಿಸಿ ನಡುಮನೆಯ ಗೂಡಿನಲ್ಲಿ ಇಟ್ಟರು. ಮುಂದೊಂದು ದೀಪ, ಆಚೀಚೆ ಸೇವಂತಿಗೆ.

ಪಕ್ಕದ ಮನೆಯಾಕೆ ದಿನಾ ಧಾರಾವಾಹಿಯ ಹೊತ್ತಿಗೆ ಬರುತ್ತಿದ್ದವಳು, ನಮ್ಮ ಟಿ.ವಿ. ಕೆಟ್ಟ ಮೇಲೆ ನಿಲ್ಲಿಸಿದ್ದಳು. ಕಿಟಕಿಯಿಂದ ಡಬ್ಬದೊಳಗೆ ಬೆಳಕು ಕಂಡು ಓಡಿ ಬಂದಳು. ಕೂತಳು. ಒಂದಷ್ಟು ಹೊತ್ತು ನೋಡಿದಳು.

"ಇದೇನ್ರೀ, ಅಲ್ಲಾಡೋದೇ ಇಲ್ಲ?"

"ಮೊದ್ಲು ದೇವ್ರು ನೋಡ್ಬೇಕು ಅಂದ್ರೆ ನಡುನಡುವೆ ಸೋಪು, ಪೇಸ್ಟು ಎಲ್ಲ ನೋಡ್ಬೇಕಿತ್ತು" ಅಂದರು ಅತ್ತೆ. "ಈಗ ನೋಡು, ಅಡ್ವಟೈಸೇ ಇಲ್ಲ."

ಬಾಣಲೆ

ಮೂರು ಕಾಲಿನ ಕುರ್ಚಿ ಗೋಡೆಗೆ ಒರಗಿ ಕುಂಬಳಬಳ್ಳಿಗೆ ಚಪ್ಪರವಾಯಿತು. ಕೊಡೆಯ ಬಟ್ಟೆಯೆಲ್ಲ ಸೇರಿ ಮೋಟಾರಿಗೆ ಅಂಗಿಯಾಯಿತು. ಕೋಣೆ ದಿನದಿನಕ್ಕೆ ದೊಡ್ಡದಾಗುತ್ತಿತ್ತು, ನನಗೂ ಹುರುಪು ಏರುತ್ತಿತ್ತು. ಕೊನೆಗೆ ಉಳಿದದ್ದು ಹಿಡಿ ಮುರಿದ ಒಂದು ಕಬ್ಬಿಣದ ಬಾಣಲೆ. ಎಷ್ಟು ತಲೆ ಕೆರೆದುಕೊಂಡರೂ ಅದಕ್ಕೊಂದು ಕೆಲಸ ಹೊಳೆಯಲಿಲ್ಲ. ಅತ್ತೆ ಅಜ್ಜಂಪುರಕ್ಕೆ ಮದುವೆಗೆ ಹೋಗಿದ್ದ ದಿನ ಗುಜರಿಯವನು ಬಂದ. ನಾನು ಆಚೀಚೆ ನೋಡಿ, ಬಾಣಲೆ ಕೊಟ್ಟು ಬೆಳ್ಳುಳ್ಳಿ ತೆಗೆದುಕೊಂಡೆ.

ಸಂಜೆ ಅತ್ತೆ ಬಂದರು. ರೇಷ್ಮೆ ಸೀರೆ, ತಲೆಯಲ್ಲಿ ಹೂವು, ಕಂಕುಳಲ್ಲಿ ಬಾಣಲೆ.

"ನೋಡೇ ಇಲ್ಲಿ! ಊರ ಬಾಗ್ಲಲ್ಲಿ ಗುಜರಿಯೋನು ಸಿಕ್ಕಿದ್ದ. ನಮ್ಮನೇದರ ಥರದ್ದೇ, ಹಿಡೀನೂ ಹಾಗೇ ಮುರ್ದಿದೆ. ಚೌಕಾಸಿ ಮಾಡಿ ತಾಂಬೂಲದ ಕಾಯಿ ಕೊಟ್ಟು ತಂದೆ. ಒಂಟಿಯಾಗಿತ್ತು, ಜೋಡಿಯಾಯ್ತು."

ಹೇಳುತ್ತಲೇ ಕೋಣೆಗೆ ಹೋದರು. ನಾನು ಬೆಳ್ಳುಳ್ಳಿ ಬಿಡಿಸುತ್ತಾ ತಲೆ ಬಗ್ಗಿಸಿಕೊಂಡೆ. ಆಮೇಲೆ ಹೊರಗೆ ಬಂದು ನನ್ನೆದುರಿಗೆ ನಿಂತರು. ನನ್ನ ಮುಂದಿದ್ದ ಬೆಳ್ಳುಳ್ಳಿ ರಾಶಿಯನ್ನು ನೋಡಿದರು. ಇವತ್ತಿಗೆ ನನ್ನ ಅಂಗಡಿ ಮುಗಿಯಿತು ಅಂದುಕೊಂಡೆ.

ಅತ್ತೆ ಒಂದು ಗೆಡ್ಡೆ ಕೈಗೆತ್ತಿಕೊಂಡು ಮೂಸಿದರು. "ಅಲ್ಲಿಗೆ ಮದ್ವೆ ಮನೆ ಕಾಯಿ ಕೊಟ್ಟು ಬೆಳ್ಳುಳ್ಳಿ ತಗೊಂಡ ಹಾಗಾಯ್ತು. ಲುಕ್ಸಾನೇನಿಲ್ಲ ಬಿಡು."

ಮಾರನೇ ದಿನ ಬಾಣಲೆ ದನದ ಕೊಟ್ಟಿಗೆಯಲ್ಲಿ ಕರುವಿನ ಬೂಸಾ ತಟ್ಟೆಯಾಯಿತು. ಕೋಣೆ ನನ್ನದಾಯಿತು.

ಬೋರ್ಡು

ಅಂಗಡಿ ಅಂದ ಮೇಲೆ ಬೋರ್ಡು ಬೇಡವೇ? ಕಡೂರಿಗೆ ಹೋಗಿ ಒಂದು ಫ್ಲೆಕ್ಸ್ ಮಾಡಿಸಿಕೊಂಡು ಬನ್ನಿ ಎಂದು ಗಂಡನಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಅತ್ತೆ ಅಟ್ಟದಿಂದ ಒಂದು ಸುರುಳಿ ಇಳಿಸಿ ತಂದು ಬಿಚ್ಚಿದರು. ಎರಡು ವರ್ಷದ ಹಿಂದೆ ನಮ್ಮ ಮಾವ ತೀರಿಕೊಂಡಾಗ ತಿಥಿಗೆ ಮಾಡಿಸಿದ ಫ್ಲೆಕ್ಸ್. ಉದ್ದಕ್ಕೂ ಮಾವನ ಮುಖ, ಕೆಳಗೆ "ಭಾವಪೂರ್ಣ ಶ್ರದ್ಧಾಂಜಲಿ".

"ಎಷ್ಟು ಗಟ್ಟಿಯಾಗಿದೆ ನೋಡೇ. ಹಿಂದ್ಗಡೆ ಬೆಳ್ಳಗೆ ಹಾಗೇ ಇದೆ, ಅಲ್ಲಿ ಬರ್ಸು."

"ಅತ್ತೆ, ಮಾವನ ಬೆನ್ನ ಮೇಲೆ ಬೋರ್ಡು ಬರೆಯೋದಾ?"

"ಅವ್ರು ಬದುಕಿದ್ದಾಗ್ಲೂ ಒಂದು ಮಗ್ಗುಲು ಬರೆದ ಕಾಗದ ಬಿಸಾಕ್ದೋರಲ್ಲ. ಬರಹ ರಸ್ತೆ ಕಡೆ ಇರ್ಲಿ, ಅವ್ರ ಮುಖ ಮನೆ ಕಡೆ ಇರ್ಲಿ. ನೀನು ದುಡಿಯೋದನ್ನ ನೋಡ್ಕೊಂಡಿರ್ತಾರೆ."

ಆ ಮಾತಿಗೆ ನನ್ನ ಕಣ್ಣು ತುಂಬಿತು. ಮೆಷೀನು ತುಳಿಯಮ್ಮಾ ಎಂದು ಮೊದಲು ಹೇಳಿದವರೇ ಮಾವ. ಗಂಡ ಕೆಂಪು ಬಣ್ಣದಲ್ಲಿ ದಪ್ಪಗೆ "ಲೇಡೀಸ್ ಟೈಲರ್, ಇಲ್ಲಿ ಬ್ಲೌಸ್ ಹೊಲಿಯಲಾಗುತ್ತದೆ" ಎಂದು ಬರೆದರು.

ಅಂಗಡಿ ಶುರುವಿನ ದಿನ ಬೆಳಕು ಹರಿಯುವ ಮುಂಚೆಯೇ ಎದ್ದು, ಜಗಲಿಯ ಎರಡು ಕಂಬಗಳ ನಡುವೆ ಬೋರ್ಡು ಕಟ್ಟಿದ್ದೂ ಅವರೇ. ನಾನು ಒಳಗಿನಿಂದ ನೋಡಿದೆ. ಅಕ್ಷರಗಳು ಕೆಂಪಗೆ, ನೆಟ್ಟಗೆ ಕಾಣುತ್ತಿದ್ದವು. ಬಹಳ ಚೆನ್ನಾಗಿದೆ ರೀ ಅಂದೆ. ಮೆಷೀನಿಗೆ ಹಾರ ಕೊಳ್ಳಬೇಕು, ಉಪ್ಪಿಟ್ಟು ಕೇಸರಿಬಾತು ಆಗಬೇಕು, ಅರಿಶಿನ ಕುಂಕುಮಕ್ಕೆ ಊರಿನ ಹೆಂಗಸರು ಬರುತ್ತಾರೆ ಅನ್ನುವ ಗಡಿಬಿಡಿ. ಅಕ್ಷರಗಳು ಒಳಗಿದ್ದವರಿಗೆ ನೆಟ್ಟಗೆ ಕಾಣುತ್ತಿವೆ ಅಂದರೆ ರಸ್ತೆಗೆ ಏನು ಕಾಣುತ್ತಿರಬಹುದು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಕರ್ಪೂರ ಹಚ್ಚಿ ಮೆಷೀನಿಗೆ ಆರತಿ ಎತ್ತುತ್ತಿದ್ದೆ. ಹೊರಗೆ ಅಜ್ಜಂಪುರದ ಬಸ್ಸು ಕಿರ್ರೆಂದು ನಿಂತಿತು. "ಅಯ್ಯೋ ಭಾವಾ! ಹೋಗ್ಬಿಟ್ರಾ ಭಾವಾ!" ಎಂದು ಅಳುತ್ತಾ ಒಬ್ಬ ಮುದುಕರು ಒಳಗೆ ಬಂದರು. ಅತ್ತೆಗೆ ದೂರದ ತಮ್ಮನಾಗಬೇಕು, ಅಜ್ಜಂಪುರದ ಕಡೆಯವರು. ಮಾವ ತೀರಿಕೊಂಡಾಗ ಅವರು ಆಸ್ಪತ್ರೆಯಲ್ಲಿದ್ದರು, ಆಮೇಲೆ ಯಾರೂ ತಿಳಿಸಿರಲಿಲ್ಲ. ತಮ್ಮ ಅಳುವುದನ್ನು ಕಂಡ ಅತ್ತೆ, ಏನು ಎತ್ತ ಕೇಳದೆ, ಅವರ ಕೈ ಹಿಡಿದುಕೊಂಡು ತಾವೂ ಶುರು ಮಾಡಿದರು. ಹಿಂದೆಯೇ ಬಸ್ಸಿನಿಂದ ಮಾವನ ಪರಿಚಯದವರು ಇನ್ನೂ ಒಂದಿಷ್ಟು ಜನ ಇಳಿದರು. ಅಳು ಕೇಳಿ ಕೇರಿಯ ಹೆಂಗಸರೆಲ್ಲ ಕೈಕೆಲಸ ಬಿಟ್ಟು, ಸೆರಗು ಹೊದ್ದು ಓಡಿ ಬಂದರು.

"ಈಗ ಯಾರು ಹೋದ್ರೇ?" ಎಂದು ಒಬ್ಬಾಕೆ ನನ್ನ ಕಿವಿಯಲ್ಲಿ ಕೇಳಿದಳು.

ಆರತಿ ತಟ್ಟೆ ಹಿಡಿದು ನಿಂತ ನನಗೆ, ಹೋದದ್ದು ನನ್ನ ಅಂಗಡಿ ಅನ್ನಬೇಕೆನಿಸಿತು. ಮೊದಲ ದಿನವೇ ಗೋಳಾಟ ಕೇಳಿದ ಬಾಗಿಲಿಗೆ ಹೊಸ ಬಟ್ಟೆ ಹಿಡಿದುಕೊಂಡು ಯಾರು ಬರುತ್ತಾರೆ? ಇಷ್ಟು ತಿಂಗಳು ಒಂದೊಂದೇ ಸಾಮಾನು ಹೊತ್ತು ಹಾಕಿದ್ದೆಲ್ಲ ದಂಡವಾಯಿತಲ್ಲ ಎಂದು ನನಗೂ ಅಳು ಬಂತು. ನಾನು ಅತ್ತಿದ್ದನ್ನು ಕಂಡು, ಸುಮ್ಮನಿದ್ದ ಇಬ್ಬರು ಹೆಂಗಸರೂ ಸೇರಿಕೊಂಡರು.

ಮುದುಕರು ಮೆಷೀನಿನ ಮೇಲಿದ್ದ ಹಾರವನ್ನು ತೆಗೆದುಕೊಂಡು, ಭಾವನಿಗೆ ಹಾಕಲು ಜಗಲಿಯ ಕಡೆ ತಿರುಗಿದರು. ತಿರುಗಿದವರು ಹಾಗೇ ನಿಂತರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಅಕ್ಕಾ, ಭಾವ ಬ್ಲೌಸ್ ಹೊಲೀತಿದ್ರಾ?"

ಮೊದಲು ನಕ್ಕಿದ್ದು ಅತ್ತೆ. ಕಣ್ಣೀರು ಒರೆಸುತ್ತಿದ್ದ ಸೆರಗನ್ನೇ ಬಾಯಿಗೆ ಒತ್ತಿಕೊಂಡರು, ತಡೆಯಲಾಗಲಿಲ್ಲ. ಆಮೇಲೆ ಕೇರಿಗೆ ಕೇರಿಯೇ ನಕ್ಕಿತು. ಮುದುಕರೂ ನಕ್ಕರು, ನಡುನಡುವೆ ಅತ್ತರು, ಎರಡು ಸಲ ಕೇಸರಿಬಾತು ಹಾಕಿಸಿಕೊಂಡರು. ಬಸ್ಸಿನವನೂ ಬಂದು ಉಪ್ಪಿಟ್ಟು ತಿಂದುಹೋದ. ತಿಂದು ಕೈ ತೊಳೆದ ಮೇಲೆ ಮುದುಕರು ತಮ್ಮ ಜುಬ್ಬದ ಕಂಕುಳು ತೋರಿಸಿ, "ಮಗಾ, ಇದೊಂದು ಹೊಲಿಗೆ ಹಾಕ್ಕೊಡವ್ವ, ನಿನ್ ಕೈಗುಣ ನೋಡಾಣ" ಅಂದರು. ನನ್ನ ಅಂಗಡಿಯ ಮೊದಲ ಹೊಲಿಗೆ ಅದು. ಬಂದ ಹೆಂಗಸರು ಮೆಷೀನು ಮುಟ್ಟಿ ನೋಡಿದರು, ತೋಳು ಎಷ್ಟುದ್ದ, ಕುತ್ತಿಗೆ ಎಷ್ಟಗಲ ಎಂದೆಲ್ಲ ವಿಚಾರಿಸಿದರು. ಸಂಜೆ ಹೊತ್ತಿಗೆ, ಪೆಟ್ಟಿಗೆಗಳಲ್ಲಿ ವರ್ಷಗಟ್ಟಲೆಯಿಂದ ಕೂತಿದ್ದ ಅರಿಶಿನ ಕುಂಕುಮದ ಬ್ಲೌಸ್ ಪೀಸುಗಳೆಲ್ಲ ನನ್ನ ಮೇಜಿನ ಮೇಲಿದ್ದವು. ಆ ರಾತ್ರಿ ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಊಟವೇ ಸೇರಲಿಲ್ಲ.

ಬೆಳಿಗ್ಗೆ ಎದ್ದವಳೇ ಮೊದಲು ಬೋರ್ಡು ಸರಿಮಾಡೋಣವೆಂದು ಸ್ಟೂಲು ಹತ್ತಿ ಹಗ್ಗಕ್ಕೆ ಕೈ ಹಾಕಿದೆ. ಮಾವ ಇನ್ನೂ ರಸ್ತೆ ಕಡೆಗೇ ನೋಡುತ್ತಿದ್ದರು. ಅಂಗಳಕ್ಕೆ ನೀರು ಹಾಕುತ್ತಿದ್ದ ಅತ್ತೆ ಬಿಂದಿಗೆ ಕೆಳಗಿಟ್ಟು ಕೂಗಿದರು.

"ಏಯ್, ಕೈ ತೆಗಿಯೇ! ನಿನ್ನೆ ನಿಂತಿದ್ದು ಅಜ್ಜಂಪುರದ ಬಸ್ಸೊಂದೇ, ಬೀರೂರು ಬಸ್ಸು ಇನ್ನೂ ಹೋಗಿಲ್ಲ!"