ಗಿಣಿಯ ಎಂಜಲೂ ಮಂಟಪದ ಅಂಟೂ

ಹಲಗೆಯಲ್ಲಿ ಹೂಬಳ್ಳಿ ಕೊಯ್ಯುವವನ ಹತ್ತಿರ ಜನ ಯಾಕೆ ಸುಮ್ಮನೆ ಬಂದು ಸುಮ್ಮನೆ ಹೋಗುವುದಿಲ್ಲವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕುಂಬಾರನಿಗೆ ಮಡಕೆ ಹೀಗೆ ಮಾಡು ಅಂತ ಯಾರೂ ಹೇಳುವುದಿಲ್ಲ. ನನಗೆ ಮಾತ್ರ ದಾರಿಯಲ್ಲಿ ಹೋಗುವವರೂ ಬುದ್ಧಿ ಹೇಳುತ್ತಿದ್ದರು. ಅದರಲ್ಲೂ ನನ್ನ ಮದುವೆಯ ಮಾತು ನಡೆದಾಗ ಅನುಭವಿಸಿದ್ದು ಶತ್ರುವಿಗೂ ಬೇಡ.

ಆಗ ಯುದ್ಧದ ಕಾಲ. ಕೋಲಾರದ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಚಿನ್ನದ ಗಣಿಯ ಬಿಳಿ ದೊರೆಯೊಬ್ಬರು ತಮ್ಮ ಸೀಮೆಗೆ ಹೊರಟಾಗ ಕೊಟ್ಟುಹೋದ, ಕಾಲಲ್ಲಿ ತುಳಿಯುವ ಗರಗಸದ ಮಿಷನ್ನೇ ನನ್ನ ಆಸ್ತಿ. ನೋಡಲು ಹೊಲಿಗೆ ಮಿಷನ್ನಿನ ಹಾಗೆ. ಸೂಜಿಯ ಜಾಗದಲ್ಲಿ ದಾರದಷ್ಟು ಸಣ್ಣ ಅಲಗು. ಚಿತ್ರ ಬರೆದ ಕಾಗದವನ್ನು ತೆಳು ಹಲಗೆಗೆ ಅಂಟಿಸಿ ಗೆರೆ ಹಿಡಿದು ಕೊಯ್ದರೆ ಹಲಗೆ ಜಾಲರಿಯಾಗುತ್ತದೆ. ಫೋಟೋ ಚೌಕಟ್ಟು, ದೇವರ ಮಂಟಪ, ಇವೇ ನನ್ನ ಕಸುಬು.

ತೂತು

ಮುಳಬಾಗಿಲಿನಲ್ಲಿ ಗಾಡಿ ಮಾಡುವ ಆಚಾರರೊಬ್ಬರ ಮಗಳನ್ನು ನೋಡಿಬಂದಿದ್ದೆ. ಹುಡುಗಿ ಎಷ್ಟು ಹಿಡಿಸಿದಳೆಂದರೆ, ಬೇರೆ ಕಡೆ ನೋಡುವ ಮಾತೇ ಎತ್ತಬೇಡಿ ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದೆ. ಆಕೆಯ ಅಪ್ಪ ನನ್ನ ಅಂಗಡಿ ನೋಡಲು ಬಂದರು. ಆಗತಾನೇ ಮುಗಿಸಿದ್ದ ನವಿಲಿನ ಚೌಕಟ್ಟನ್ನು ಹೆಮ್ಮೆಯಿಂದ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, ತೂತಿನಲ್ಲಿ ಬೆರಳು ತೂರಿಸಿ ನೋಡಿದರು.

"ಮರ ಎಲ್ಲಿ?" ಅಂದರು.

"ಅದೇ ಮರ, ಆಚಾರ್ರೇ. ಬೇಡದ್ದನ್ನ ತೆಗೆದಿದ್ದೀನಿ."

"ಹುಳ ಹಿಡಿದ್ರೂ ಹಿಂಗೇ ತೆಗೀತದೆ. ಅದು ಕೂಲಿ ಕೇಳಲ್ಲ."

ಎಂಜಲು

ಆದರೂ ಆಚಾರರು ಸಂಬಂಧ ಬೇಡ ಅನ್ನಲಿಲ್ಲ. "ನಮ್ಮಮ್ಮಂಗೆ ಒಂದು ದೇವರ ಮಂಟಪ ಮಾಡ್ಕೊಡಿ. ಅವಳು ಒಪ್ಪಿದ್ರೆ ಅದರ ಮುಂದೇನೇ ಲಗ್ನಪತ್ರಿಕೆ ಬರೆಸೋಣ" ಅಂದು ಹೋದರು. ನಾನು ಚಿತ್ರ ಬರೆದುಕೊಂಡು ಮುಳಬಾಗಿಲಿಗೆ ಓಡಿದೆ. ನಡುವೆ ಮಾವಿನ ಗೊಂಚಲು, ಆ ಕಡೆ ಈ ಕಡೆ ಗಿಣಿ. ಹುಡುಗಿಯ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು.

"ಏನು ನಾಯನಾ, ಗಿಣಿ ಕೊಕ್ಕು ಹಣ್ಣಿಗೆ ತಾಗಿದೆಯಲ್ಲ. ದೇವರ ಮುಂದೆ ಎಂಜಲು ಹಣ್ಣು ಇಡ್ತಾರಾ? ಸ್ವಲ್ಪ ಹಿಂದಕ್ಕೆ ಸರಿಸು."

"ಅಜ್ಜಿ, ಕೊಕ್ಕು ಹಣ್ಣಿಗೆ ಅಂಟ್ಕೊಂಡಿರೋದಕ್ಕೇ ಗಿಣಿ ನಿಂತಿರೋದು. ಬಿಡಿಸಿ ಕೊಯ್ದ್ರೆ ಹಲಗೆಯಿಂದ ಬಿದ್ದುಹೋಗುತ್ತೆ."

"ಯಾಕೆ ಬೀಳ್ತದೆ? ಅದಕ್ಕೆ ರೆಕ್ಕೆ ಇಲ್ವಾ?"

ಇಂಥವರ ಹತ್ತಿರ ಏನು ವಾದ ಮಾಡುವುದು. ಅಂಗಡಿಗೆ ಬಂದು ಗಿಣಿಯ ಕಾಲನ್ನೂ ಬಾಲವನ್ನೂ ಕೊಂಬೆಗೆ ಕೂಡಿಸಿ ಹೊಸದಾಗಿ ಚಿತ್ರ ಬರೆದು ಕೊಯ್ದೆ. ಯುದ್ಧದ ದೆಸೆಯಿಂದ ಅಲಗು ಸಿಗುತ್ತಿರಲಿಲ್ಲ. ಕೂಡಿಟ್ಟಿದ್ದವೆಲ್ಲ ಆ ಹಾಳು ಗಿಣಿಯ ಕಾಲಿಗೇ ಮುರಿದವು. ಕೊಯ್ದ ಹಲಗೆ ತೆಗೆದುಕೊಂಡು ಹೋಗಿ ತೋರಿಸಿದೆ. ಅಜ್ಜಿ ಬಹಳ ಹೊತ್ತು ನೋಡಿ ನಿಟ್ಟುಸಿರು ಬಿಟ್ಟರು.

"ಈಗ ಮಡಿಯಾಗಿದೆ. ಆದ್ರೆ ಪಾಪ, ಹಣ್ಣು ಎದುರಿಗೇ ಇದ್ರೂ ತಿನ್ನಕ್ಕಾಗ್ದೆ ಕೂತಿವೆ ನೋಡು."

ಬಾಟ್ಲಿ

ಉಪ್ಪುಕಾಗದ ತಿಕ್ಕಿ ನುಣುಪು ಮಾಡಿದ ಮೇಲೆ ಪಾಲೀಷು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯುಂಡೆ ಅದ್ದಿ, ತೇಯ್ದೂ ತೇಯ್ದೂ ಹೊಳಪು ತರಬೇಕು. ಧೂಳು ಕೂರಬಾರದೆಂದು ಬಾಗಿಲು ಮುಚ್ಚಿಕೊಂಡಿದ್ದೆ. ಆ ಘಾಟಿಗೆ ಕಣ್ಣು ಕೆಂಪಾಗಿ, ತಲೆ ತಿರುಗುತ್ತಿತ್ತು. ಹುಡುಗನ ನಡತೆ ವಿಚಾರಿಸಲು ಹುಡುಗಿಯ ಸೋದರಮಾವ ಶ್ರೀನಿವಾಸಪುರದಿಂದ ಬಂದು ಬಾಗಿಲು ತಟ್ಟಿದ್ದು ಆಗಲೇ. ನಾನು ಬಾಟ್ಲಿ ಕೈಯಲ್ಲೇ ಹಿಡಿದು ಬಾಗಿಲು ತೆಗೆದೆ.

"ಹಗಲಲ್ಲೇನಾ?" ಅಂದರು ಮೂಗು ಮುಚ್ಚಿಕೊಂಡು.

"ಇದು ನನಗಲ್ಲ, ಮಂಟಪಕ್ಕೆ" ಅಂದೆ.

"ಮಂಟಪಕ್ಕೂ ಕಲಿಸಿದ್ದೀಯಾ?"

ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಅವರ ಊರುಗೋಲನ್ನೇ ಕಿತ್ತುಕೊಂಡು ಪಾಲೀಷು ಹಚ್ಚಿದೆ. ಕೋಲು ಮಿರಮಿರ ಹೊಳೆಯಿತು. ಮನುಷ್ಯನಿಗೆ ಆಸೆ ಹತ್ತಿತು. ಛತ್ರಿಯ ಹಿಡಿ, ಅಡಿಕೆ ಪೆಟ್ಟಿಗೆ, ಎಲ್ಲಾ ಒಂದೊಂದಾಗಿ ಹೊರಬಂದವು. ಸಂಜೆವರೆಗೂ ನನ್ನ ಪಕ್ಕದಲ್ಲೇ ಕೂತು ಹಚ್ಚಿಸಿಕೊಂಡು, ಬಟ್ಟೆಯೆಲ್ಲ ಸ್ಪಿರಿಟ್ಟು ನಾರುತ್ತಾ ಮುಳಬಾಗಿಲಿನ ಬಸ್ಸು ಹತ್ತಿದರು. ಹುಡುಗ ಕುಡೀತಾನೆ ಅನ್ನುವ ಅನುಮಾನ ಅಲ್ಲಿಗೆ ಮುಗಿಯಿತು. ಬಂದವರಿಗೂ ಕುಡಿಸ್ತಾನೆ ಅನ್ನುವ ಮಾತು ಶುರುವಾಯಿತು.

ಅಂಟು

ಆಚಾರರೇ ಬಂದು ಬಾಟ್ಲಿಯ ತಳದ ಅರಗನ್ನು ಕಣ್ಣಾರೆ ನೋಡಿದ ಮೇಲೆ ಆ ಅಪವಾದ ಕಳೆಯಿತು. ಜೋಡಿಸಿ ಒಯ್ದರೆ ಬಸ್ಸಿನಲ್ಲಿ ಮುರಿಯುವ ಭಯ, ಹಾಗಾಗಿ ಜೋಡಣೆ ಅವರ ಮನೆಯಲ್ಲೇ ಆಗಬೇಕಿತ್ತು. ಮೊಳೆ ಹೊಡೆದರೆ ತೆಳು ಹಲಗೆ ಸೀಳುತ್ತದೆ, ಅಂಟೇ ಗತಿ. ನಾನು ಸರೇಸಿನ ಅಂಟು ಕಾಯಿಸಲು ಒಲೆ ಕೇಳಿದೆ.

"ಅದನ್ನ ಯಾವುದ್ರಲ್ಲಿ ಮಾಡ್ತಾರೆ ನಾಯನಾ?" ಅಂದರು ಅಜ್ಜಿ.

ನನ್ನ ಬಾಯಿ ಸುಮ್ಮನಿರಬಾರದೇ. "ದನದ ಚರ್ಮ, ಗೊರಸು ಬೇಯಿಸಿ ಮಾಡ್ತಾರೆ ಅಜ್ಜಿ" ಅಂದುಬಿಟ್ಟೆ. ಅಜ್ಜಿ ಎದ್ದು ಹೋಗಿ, ಕೇಳಿದ್ದಕ್ಕೇ ತಲೆಗೆ ಸ್ನಾನ ಮಾಡಿಕೊಂಡು ಬಂದರು. ಹುಣಸೆಬೀಜ ಅರೆದು ಅಂಟು ಮಾಡು, ಅದು ಶುದ್ಧ, ಅಂತ ಅಪ್ಪಣೆಯಾಯಿತು.

"ನೀರು ಬಿದ್ರೆ ಅದು ಬಿಟ್ಕೊಳ್ಳುತ್ತೆ ಅಜ್ಜಿ."

"ಮನೆಯೊಳಗೆ ಇರೋ ಮಂಟಪಕ್ಕೆ ಮಳೆ ಬರ್ತದಾ?"

ಸ್ನಾನ

ಲಗ್ನಪತ್ರಿಕೆಯ ದಿನ ಪಡಸಾಲೆ ತುಂಬ ನೆಂಟರು. ಹುಣಸೆಬೀಜದ ಅಂಟಿನಲ್ಲೇ ನಿಂತ ಮಂಟಪ, ಒಳಗೆ ದೇವರನ್ನು ಕೂರಿಸಿದ ಮೇಲೆ, ಚೆನ್ನಾಗಿ ಕಾಣುತ್ತಿತ್ತು. ಆಚಾರರು ಕೂಡ ತೂತಿನ ಮಾತು ಎತ್ತಲಿಲ್ಲ. ಪುರೋಹಿತರು ಬರೆಯಲು ಕೂತರು. ಆಗ ಅಜ್ಜಿ, "ಹೊಸಾದು, ಶುದ್ಧಿ ಆಗ್ಬೇಕಲ್ಲ" ಅಂದುಕೊಳ್ಳುತ್ತಾ ಒಳಗಿಂದ ಕೊಡ ತಂದು, ನಾನು ಬಾಯಿ ತೆರೆಯುವಷ್ಟರಲ್ಲಿ ಗೋಪುರದ ಮೇಲಿಂದ ಅಷ್ಟೂ ನೀರು ಸುರಿದುಬಿಟ್ಟರು.

ನೋಡನೋಡುತ್ತಾ ಪಕ್ಕದ ಹಲಗೆ ವಾಲಿತು. ಪತ್ರಿಕೆ ಬರೆಯುವಾಗ ದೇವರ ಮೇಲೆ ಮಂಟಪ ಕುಸಿದರೆ ಆ ಮನೆಯಲ್ಲಿ ನನಗೆ ಹೆಣ್ಣು ಕೊಡುತ್ತಾರೆಯೇ? ಹಾರಿಹೋಗಿ ಒಂದು ಕಡೆ ಹಿಡಿದೆ. ಇನ್ನೊಂದು ಕಡೆ ಆಚಾರರು ಹಿಡಿದರು.

"ವರ ಬಂದು ಮಣೆ ಮೇಲೆ ಕೂತ್ಕೋಬೇಕು" ಅಂದರು ಪುರೋಹಿತರು.

"ಆಗಲ್ಲ" ಅಂದೆ.

"ಮದುವೆ ಬೇಡವೇನಪ್ಪಾ?"

"ಬೇಕು ಸ್ವಾಮಿ. ಕೈ ಬಿಡಕ್ಕಾಗಲ್ಲ."

ಅಲ್ಲಿಯವರೆಗೆ ನನ್ನ ಜೊತೆ ಒಂದು ಮಾತೂ ಆಡಿರದ ಹುಡುಗಿ ಬಾಗಿಲ ಮರೆಯಿಂದ ಬಂದು ನನ್ನ ಕಡೆಯ ಹಲಗೆ ಹಿಡಿದಳು. "ನೀವು ಹೋಗಿ ಕೂತ್ಕೊಳ್ಳಿ, ನಾನು ಹಿಡ್ಕೊಂಡಿರ್ತೀನಿ" ಅಂದಳು. ಪತ್ರಿಕೆ ಓದಿ ಮುಗಿಯುವವರೆಗೆ ಅಪ್ಪ, ಮಗಳು ಮಂಟಪಕ್ಕೆ ಕಂಬವಾಗಿ ನಿಂತರು.

ಎಲ್ಲರೂ ಊಟಕ್ಕೆ ಎದ್ದಾಗ ಅಜ್ಜಿ ನನ್ನನ್ನು ಮೂಲೆಗೆ ಕರೆದರು. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದರು.

"ಮದುವೆ ಹೊತ್ತಿಗೆ ಆ ಇನ್ನೊಂದು ಅಂಟೇ ಹಾಕ್ಬಿಡು ನಾಯನಾ. ದೇವರು ಕೇಳಿದ್ರೆ ಹುಣಸೆಬೀಜ ಅಂತ ನಾನು ಹೇಳ್ಕೋತೀನಿ."