ರೇಂಜ್ ಬಂಡೆಯ ಮೇಲೆ ಹಸನ್ ಕಾಕನ ಭದ್ರತಾ ವ್ಯವಸ್ಥೆ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಒಂದು ಸಾಲಿನಲ್ಲಿ ಎಡಕ್ಕೆ ವಾಲಿದರೆ ಮುಂದಿನ ಸಾಲಿನಲ್ಲಿ ಬಲಕ್ಕೆ ವಾಲುತ್ತದೆ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟದ್ದರಿಂದ ದೊಡ್ಡ ದೊಡ್ಡ ಶಬ್ದಗಳೂ ಗೊತ್ತಿಲ್ಲ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ. ಆದರೆ ನಡೆದದ್ದನ್ನು ಬಿಡದೆ ಬರೆದಿದ್ದೇನೆ. ಬರೆದದ್ದನ್ನು ಹಸನ್ ಕಾಕನಿಗೆ ಓದಿ ಹೇಳಿ, "ಅಡ್ಡಿಲ್ಲ, ನಗುವವರು ನಗ್ಲಿ" ಎಂಬ ಒಪ್ಪಿಗೆಯನ್ನೂ ಪಡೆದಿದ್ದೇನೆ.

"ಇವತ್ತಿನಿಂದ ಈ ಮನೆಯಿಂದ ಹೊರಡುವ ಒಂದೇ ಒಂದು ಮಾತಲ್ಲೂ ಸರ್ಕಾರಕ್ಕೆ ಕಲ್ಲು ಸಿಗಬಾರದು! ಅಕ್ಕಿ ಆರಿಸಿದ ಹಾಗೆ ಆರಿಸಿ ಮಾತಾಡಬೇಕು!"

ಹೀಗೆಂದು ಹಸನ್ ಕಾಕ ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಮೂರನೆಯ ರೊಟ್ಟಿ ಮುರಿಯುತ್ತಾ. ಸಂಸೆಯಿಂದ ಆರು ಕಿಲೋಮೀಟರ್ ಒಳಗಿರುವ ನಮ್ಮ ಬಾಳೆಗುಡ್ಡೆಯಲ್ಲಿ ಅವರದು ಜೀಪ್ ರಿಪೇರಿ ಗ್ಯಾರೇಜು, ನನಗೆ ಅಲ್ಲೇ ಕೆಲಸ. ಊರಿಗೆಲ್ಲ ಅವರು ಹಸನ್ ಕಾಕ, ಅವರ ಹೆಂಡತಿ ಊರಿಗೆಲ್ಲ ರಹೀಮಕ್ಕ. ಈ ಸಂಬಂಧ ಹೇಗೆ ಕೂಡಿತು ಎಂದು ಇದುವರೆಗೆ ಯಾರೂ ಕೇಳಿಲ್ಲ.

ಘೋಷಣೆಗೆ ಕಾರಣ ಹಿಂದಿನ ದಿನದ ಟಿ.ವಿ. ಅದರಲ್ಲಿ ಎಂಟು ಜನ ಎಂಟು ಚೌಕದೊಳಗೆ ಕುಳಿತು, ದೇಶದ ಭದ್ರತೆ ದೊಡ್ಡದೋ ಜನರ ಸ್ವಾತಂತ್ರ್ಯ ದೊಡ್ಡದೋ, ಸರ್ಕಾರ ನಮ್ಮ ಫೋನು ಕೇಳಬಹುದೋ ಬಾರದೋ ಎಂದು ಒಬ್ಬರ ಮಾತು ಒಬ್ಬರಿಗೆ ಕೇಳದ ಹಾಗೆ ಕಿರುಚಿದ್ದರು. ಕಾಕನಿಗೆ ಅರ್ಥವಾದದ್ದು ಇಷ್ಟೇ: ಕೇಳುತ್ತಿದ್ದಾರೆ!

ಬೇರೆ ಸಮಯವಾಗಿದ್ದರೆ ಕೇಳಿಕೊಳ್ಳಲಿ ಎನ್ನುತ್ತಿದ್ದರೋ ಏನೋ. ಆದರೆ ರಹೀಮಕ್ಕ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಬಂದು ಆಗಷ್ಟೇ ಒಂದು ವಾರವಾಗಿತ್ತು. ಮಲ್ಲಂದೂರಿನ ಅಕ್ಕ ನೌರೀನ್ ಜೊತೆ ಮೆಕ್ಕಾಕ್ಕೆ ಉಮ್ರಾ ಯಾತ್ರೆಗೆ ಹೋಗಬೇಕು ಎಂಬುದು ಅವರ ಇಪ್ಪತ್ತು ವರ್ಷದ ಆಸೆ. ಅಕ್ಕನ ಪಾಸ್‌ಪೋರ್ಟ್ ಬಂದಾಗಿತ್ತು. ಇವರದಕ್ಕೆ ಪೊಲೀಸರು ಮನೆಗೆ ಬಂದು ವಿಚಾರಿಸಿ, ಒಳ್ಳೆಯವರು ಎಂದು ಬರೆದುಕೊಟ್ಟು ಹೋಗುವುದು ಬಾಕಿ.

"ಕಳ್ಳರು, ಬಾಂಬಿನವರು ಸಿಗಬೇಕಾದ್ರೆ ಕೇಳ್ಬೇಕಲ್ಲ, ಕೇಳ್ಲಿ" ಎಂದರು ರಹೀಮಕ್ಕ. "ಆದ್ರೆ ನಾನು ಅಕ್ಕನ ಹತ್ರ ಮೀನು ಸಾರಿನ ವಿಷಯ ಮಾತಾಡೋದು ಕೇಳಿ ಅವರಿಗೆ ಎಂತ ಆಗ್ಬೇಕು?"

"ಅದೇ ನೋಡು! ಬಲೆ ಹಾಕೋದು ಕಳ್ಳನಿಗೆ. ಸಿಕ್ಕಿಬೀಳೋದು ಸಾರಿನ ಮೀನು!"

"ತಪ್ಪು ಮಾಡದವರಿಗೆ ಎಂಥ ಹೆದರಿಕೆ ಅಂತ ಯಾವಾಗ್ಲೂ ನೀವೇ ಹೇಳ್ತೀರಿ."

"ಹೌದು, ಹೇಳ್ತೇನೆ."

"ಮತ್ತೆ ಈಗ ಯಾಕೆ ಹೆದರ್ತಾ ಇದೀರಿ?"

ಕಾಕ ಉಳಿದ ರೊಟ್ಟಿಯನ್ನು ತಟ್ಟೆಗಿಟ್ಟರು. "ನಮ್ಮಂಥ ಹೆಸರಿನವರು ಎರಡು ಸಲ ಜಾಗ್ರತೆ ಇರ್ಬೇಕು ರಹೀಮಾ" ಎಂದರು. ಇದನ್ನು ಮಾತ್ರ ಅವರು ಮೆಲ್ಲಗೆ ಹೇಳಿದರು. ಆಮೇಲೆ ಮತ್ತೆ ದನಿ ಏರಿಸಿ, "ನಿನ್ನ ಪಾಸ್‌ಪೋರ್ಟ್ ಬರೋತನಕ ನಾನೇ ಈ ಮನೆಯ ಭದ್ರತಾ ಇಲಾಖೆ!" ಎಂದು ಕೈ ತೊಳೆದರು.

ಇಲಾಖೆಗೆ ಎದುರಾದ ಮೊದಲ ತೊಡಕು ರೇಂಜ್ ಬಂಡೆ.

ಬಾಳೆಗುಡ್ಡೆಯಲ್ಲಿ ಯಾರ ಮನೆಯೊಳಗೂ ಫೋನಿಗೆ ರೇಂಜ್ ಸಿಗುವುದಿಲ್ಲ. ಎಸ್ಟೇಟಿನ ಗೇಟು ದಾಟಿ ಮೇಲೆ ಹತ್ತಿದರೆ ಒಂದು ಬಂಡೆ. ಅದರ ಮೇಲೆ ನಾಲ್ಕು ಜನ ನಿಲ್ಲುವಷ್ಟು ಜಾಗದಲ್ಲಿ ಮಾತ್ರ ಎರಡು ಕಡ್ಡಿ ಕಾಣಿಸುತ್ತವೆ. ಸಂಜೆ ಐದಾದರೆ ಊರೇ ಅಲ್ಲಿರುತ್ತದೆ. ನಾಲ್ವರು ಮೇಲೆ ನಿಂತು ಕೂಗುತ್ತಾರೆ, ನಲವತ್ತು ಜನ ಕೆಳಗೆ ಸರದಿಗೆ ಕಾಯುತ್ತಾ ಕೇಳುತ್ತಾರೆ. ಯಾರ ಸೊಸೆಗೆ ವಾಂತಿ, ಯಾರ ಮಗನಿಗೆ ಫೇಲು, ಯಾವುದೂ ಅಲ್ಲಿ ಗುಟ್ಟಲ್ಲ. ಆ ಕಡೆಯವರು ಅರ್ಧ ಕೇಳಿ "ಎಂತ? ಎಂತ?" ಎನ್ನುವಾಗ ಕೆಳಗಿನವರೇ ಉಳಿದರ್ಧವನ್ನು ಕೂಗಿ ಹೇಳುವುದೂ ಉಂಟು! ಸರ್ಕಾರಕ್ಕೆ ಹೆದರಿ ಬಾಯಿ ಬಿಗಿ ಹಿಡಿದ ಹಸನ್ ಕಾಕ, ಆ ಬಿಗಿ ಬಾಯಿಯನ್ನು ಊರಿಗೆಲ್ಲ ಕೇಳುವ ಹಾಗೆ ತೆರೆಯಬೇಕಿತ್ತು.

ಆದರೆ ಅವರಿಗೆ ಊರಿನ ಹೆದರಿಕೆ ಇರಲಿಲ್ಲ. ಊರು ಪಾಸ್‌ಪೋರ್ಟ್ ಕೊಡುವುದಿಲ್ಲವಲ್ಲ!

ಅಂದು ಸಂಜೆ ಬಂಡೆ ಹತ್ತಿ, ಬಣಕಲ್‌ನಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಅಣ್ಣನ ಮಗ ಜುನೈದನಿಗೆ ಫೋನು ಹಚ್ಚಿದರು. ಜೀಪ್ ಓಡಿಸುವ ಪ್ರಸಾದನ ಗಾಡಿಯ ಸ್ಪ್ರಿಂಗ್ ಪ್ಲೇಟು ಆ ತಿಂಗಳಲ್ಲಿ ಮೂರನೆಯ ಸಲ ತುಂಡಾಗಿತ್ತು. ಹೊಸ ಪ್ಲೇಟು ಬೇಕಿತ್ತು. ಎಂದಿನ ಹಾಗಾದರೆ ಕಾಕ ಮೊದಲು ಐದು ನಿಮಿಷ ರಸ್ತೆಗೆ ಬಯ್ದು, ಆಮೇಲೆ ಪ್ಲೇಟಿನ ಸುದ್ದಿಗೆ ಬರುತ್ತಿದ್ದರು. ಅಂದು ಗಂಟಲು ಸರಿಮಾಡಿಕೊಂಡು, ಜುನೈದನ ಹಿಂದೆ ಎಲ್ಲೋ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕುಳಿತಿರುವ ಅಧಿಕಾರಿಗೆ ಕೇಳುವ ಹಾಗೆ ಶುರುಮಾಡಿದರು.

"ಜುನೈದ್! ನಮ್ಮ ರಸ್ತೆ ಎಷ್ಟು ಚಂದ ಇದೆ ಮಾರಾಯ! ರೇಷ್ಮೆ! ಸರ್ಕಾರದವರು ಎಷ್ಟು ಕಷ್ಟಪಟ್ಟು ನಮ್ಮನ್ನು ನೋಡ್ಕೊಳ್ತಾರೆ!"

"ಕಾಕ, ಜ್ವರ ಬಂದಿದೆಯಾ?"

"ಇಲ್ಲ, ಇಲ್ಲ. ನಾಲ್ಕು ಸ್ಪ್ರಿಂಗ್ ಪ್ಲೇಟು ಕಳಿಸು."

"ರಸ್ತೆ ರೇಷ್ಮೆ ಆಗಿದ್ರೆ ಪ್ಲೇಟು ಎಂತಕ್ಕೆ?"

ಕಾಕನಿಗೆ ಬೆವರು ಬಂತು. "ಎಂತಕ್ಕೂ ಅಲ್ಲ... ಸುಮ್ಮನೆ... ನೋಡ್ಲಿಕ್ಕೆ!"

ಕೆಳಗಿದ್ದ ನಲವತ್ತು ಜನ ಮುಖ ಮುಖ ನೋಡಿಕೊಂಡರು. ಪ್ರಸಾದ್ ಮಾತ್ರ ಮುಖ ನೋಡಲಿಲ್ಲ, ತನ್ನ ಫೋನು ತೆಗೆದು ರೆಕಾರ್ಡ್ ಒತ್ತಿದ. ಕಾಕ ಇನ್ನೂ ಮೂರು ನಿಮಿಷ ರಸ್ತೆಯನ್ನು ಹೊಗಳಿದರು. ಪ್ರತಿ ಮಾತೂ ಸ್ವಚ್ಛವಾಗಿ ಬಂತು.

ಮರುದಿನದಿಂದ ರಹೀಮಕ್ಕನ ಸರದಿ. ಅವರು ಅಕ್ಕನ ಜೊತೆ ಮಾತಾಡುವಾಗ ಇಲಾಖೆ ಪಕ್ಕದಲ್ಲೇ ನಿಂತು, ತನ್ನ ಕಿವಿಯನ್ನೂ ಫೋನಿಗೆ ತಾಗಿಸಿಕೊಂಡಿರುತ್ತಿತ್ತು.

"ಅಕ್ಕಾ, ಮೂರು ದಿನದಿಂದ ಕರೆಂಟಿಲ್ಲ..."

ಕಾಕ ಫೋನು ಕಿತ್ತುಕೊಂಡರು. "ನೌರೀನಕ್ಕಾ, ಕರೆಂಟಿಗೆ ಸ್ವಲ್ಪ ರೆಸ್ಟು ಕೊಟ್ಟಿದಾರೆ ಅಷ್ಟೇ! ಒಳ್ಳೆಯದಕ್ಕೇ!"

"ಅಕ್ಕಾ, ಬಸ್ಸಲ್ಲಿ ನಿಂತು ನಿಂತು ಸೊಂಟ..."

"ಬಸ್ಸು ಬೇಡ!" ಎಂದು ಕಾಕ ಪಿಸುಗುಟ್ಟಿದರು. "ಬರೀ ಸೊಂಟ ಹೇಳು. ಸೊಂಟ ನಮ್ಮದು. ಬಸ್ಸು ಸರ್ಕಾರದ್ದು!"

"ಹೋಗ್ಲಿ, ನೀರಿನ ಪೈಪ್ ಒಡೆದದ್ದು ಹೇಳ್ಬಹುದಾ?"

"ಪೈಪ್ ಯಾರದ್ದು?"

"ಪಂಚಾಯ್ತಿದು."

"ಬೇಡ!"

ರಹೀಮಕ್ಕ ಫೋನನ್ನು ಅವರ ಕೈಗಿಟ್ಟು ಬಂಡೆ ಇಳಿದರು. ಹೀಗೆ ಹದಿನೈದು ದಿನ ಅಕ್ಕ ತಂಗಿ ಫೋನಿನಲ್ಲಿ ಆಡಿದ್ದು "ಚೆನ್ನಾಗಿದ್ದೀಯಾ?" "ಚೆನ್ನಾಗಿದ್ದೇನೆ" ಎಂಬ ಎರಡೇ ಮಾತು. ನೌರೀನಕ್ಕ ತಂಗಿಯ ಮನೆಯಲ್ಲಿ ಏನೋ ದೊಡ್ಡ ಜಗಳ ನಡೆದಿದೆ ಎಂದು ತಿಳಿದು ಮಲ್ಲಂದೂರಿನಲ್ಲಿ ಅಳುತ್ತಿದ್ದರು!

ಇತ್ತ ಪ್ರಸಾದ್ ಆ ರೆಕಾರ್ಡನ್ನು ತಮಾಷೆಗೆಂದು ರಸ್ತೆ ಹೋರಾಟ ಸಮಿತಿಯ ಗ್ರೂಪಿಗೆ ಹಾಕಿದ್ದ. ಅಲ್ಲಿಂದ ಅದು ಯಾರ ಯಾರ ಕೈ ಹಿಡಿದು ಎಲ್ಲೆಲ್ಲಿ ನಡೆಯಿತೋ, ಮೂರನೆಯ ವಾರ ಸಮಿತಿಯ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಸೋಮಶೇಖರಪ್ಪನವರು ರಸ್ತೆ ಇಂಜಿನಿಯರ ಕಚೇರಿಯಿಂದ ಬಂದ ಒಂದು ಕಾಗದ ಹಿಡಿದು ಗ್ಯಾರೇಜಿಗೆ ಬಂದರು. ನಿಂತುಕೊಂಡೇ ಓದಿದರು.

"'ಸದರಿ ಗ್ರಾಮದ ರಸ್ತೆಯು ರೇಷ್ಮೆಯಂತೆ ಸುಸ್ಥಿತಿಯಲ್ಲಿದೆ ಎಂದು ಸ್ಥಳೀಯ ವಾಹನ ತಜ್ಞರೇ ಧ್ವನಿಮುದ್ರಿತ ಹೇಳಿಕೆ ನೀಡಿರುವುದರಿಂದ, ಈ ಸಾಲಿನ ಕಾಮಗಾರಿಯನ್ನು ಕೈಬಿಡಲಾಗಿದೆ.' ಕೇಳಿಸ್ತಾ ತಜ್ಞರೇ?"

ಕಾಕನ ಕೈಯಿಂದ ಸ್ಪ್ಯಾನರು ಬಿತ್ತು.

"ನಾಲ್ಕು ವರ್ಷ ಅರ್ಜಿ ಬರೆದು ಬರೆದು ಮಂಜೂರು ಮಾಡಿಸಿದ್ದು ಹಸನ್! ನೀವು ಮೂರು ನಿಮಿಷದಲ್ಲಿ ಮುಗಿಸಿದ್ರಿ!"

"ಅಲ್ಲ ಮೇಷ್ಟ್ರೇ, ಅದು ನಾನು ಸರ್ಕಾರ ಕೇಳ್ತದೆ ಅಂತ..."

"ಕೇಳಿತಲ್ಲ! ನಾವು ನಾಲ್ಕು ವರ್ಷ ಕೂಗಿದ್ದು ಕೇಳಿರಲಿಲ್ಲ, ನಿಮ್ಮದು ಕೇಳಿತು!"

ಹಿಂದೆ ನಿಂತಿದ್ದ ಪ್ರಸಾದ್ ಬಾಯಿ ಹಾಕಿದ. "ಮೇಷ್ಟ್ರೇ, ರಸ್ತೆ ಸರಿಯಾದ್ರೆ ಕಾಕನ ಗ್ಯಾರೇಜಿಗೆ ಯಾರು ಬರ್ತಾರೆ? ಅದಕ್ಕೇ ಹೊಗಳಿದ್ದು!"

ಕಾಕನಿಗೆ ಇದು ಎದೆಗೇ ನಾಟಿತು. ಆ ರಸ್ತೆಗೆ ಊರಲ್ಲೆಲ್ಲ ಹೆಚ್ಚು ಬಯ್ದವರು ಅವರೇ. ಆ ಹೊಂಡಗಳಿಂದ ಎಷ್ಟೋ ಗಾಡಿಗಳನ್ನು ಬರಿಗೈಯಲ್ಲಿ ಎತ್ತಿದವರು ಅವರೇ. ಆದರೆ ಅದನ್ನೆಲ್ಲ ಈಗ ಯಾವ ಬಾಯಿಯಿಂದ ಹೇಳುವುದು? ಅಂದಿನಿಂದ ಗ್ಯಾರೇಜಿಗೆ ಒಂದು ಜೀಪೂ ಬರಲಿಲ್ಲ. ಕಾಕ ಸ್ಪ್ಯಾನರುಗಳನ್ನು ಒರೆಸಿ ಒರೆಸಿ ಇಟ್ಟರು.

ಇಂಥ ಸುಮುಹೂರ್ತದಲ್ಲಿ ಪೊಲೀಸ್ ಬಂದರು!

ಪೇದೆ ವೀರೇಂದ್ರ ಅವರ ಹೆಸರು. ಬೈಕನ್ನು ತಳ್ಳಿಕೊಂಡು, ಒಂದು ಕಾಲು ಎಳೆಯುತ್ತಾ ಬಂದರು. ಖಾಕಿ ಪ್ಯಾಂಟು ಮಂಡಿಯವರೆಗೆ ಕೆಸರು.

"ರಹೀಮಾ ಅನ್ನೋರ ಮನೆ ಇದೇನಾ? ಪಾಸ್‌ಪೋರ್ಟ್ ವಿಚಾರಣೆ. ಎಂಥ ರಸ್ತೆ ಮಾರಾಯ್ರೇ ನಿಮ್ಮದು?"

ಕಾಕ ಎದ್ದು ಕೈಮುಗಿದು ನಿಂತರು. ಹೊಗಳಿದರೆ ಒಂದು ಗಂಡಾಂತರ, ಬಯ್ದರೆ ಇನ್ನೊಂದು. ಅಭ್ಯಾಸಬಲ ನೋಡಿ, ಬಾಯಿ ತಾನಾಗಿಯೇ ತೆರೆಯಿತು.

"ಒಳ್ಳೇ ರಸ್ತೆ ಸಾರ್... ರೇಷ್ಮೆ..."

ವೀರೇಂದ್ರ ತಮ್ಮ ಪ್ಯಾಂಟು ನೋಡಿಕೊಂಡರು, ಆಮೇಲೆ ಕಾಕನನ್ನು ನೋಡಿದರು. "ಪೊಲೀಸರನ್ನು ತಮಾಷೆ ಮಾಡ್ತೀರಾ?"

ರಹೀಮಕ್ಕ ಒಳಗಿನಿಂದ ಕಾಫಿ ತಂದು ಕೊಟ್ಟದ್ದರಿಂದ ಆ ಗಳಿಗೆ ಹೇಗೋ ದಾಟಿತು. ಕಾಗದಪತ್ರ ನೋಡಿದ್ದಾಯಿತು. "ಅಕ್ಕಪಕ್ಕದವರು ಇಬ್ಬರು ಸಹಿ ಹಾಕ್ಬೇಕು, ಇವರು ಒಳ್ಳೆಯವರು ಅಂತ. ವರದಿ ಇವತ್ತೇ ಕಳಿಸ್ತೇನೆ. ರೇಂಜ್ ಎಲ್ಲಿ ಸಿಗ್ತದೆ?"

ಎಲ್ಲರೂ ಬಂಡೆಗೆ ಹೊರಟರು. ಸಂಜೆ ಐದರ ಸಮಯ, ಊರೆಲ್ಲ ಅಲ್ಲೇ ಇತ್ತು. ವೀರೇಂದ್ರ ಕೈಯಲ್ಲಿದ್ದ ಟ್ಯಾಬ್ ಎತ್ತಿ ಹಿಡಿದು ಕೇಳಿದರು. "ಈ ಮನೆಯವರ ಪರವಾಗಿ ಯಾರು ಸಹಿ ಹಾಕ್ತೀರಿ?"

ನಲವತ್ತು ಜನರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ರಹೀಮಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಕಾಕನಿಗೆ ಅದನ್ನು ನೋಡಲಾಗಲಿಲ್ಲ.

ಕೊನೆಗೆ ಸೋಮಶೇಖರಪ್ಪನವರು ಮುಂದೆ ಬಂದರು. "ರಹೀಮಕ್ಕನಿಗೆ ನಾನು ಹಾಕ್ತೇನೆ, ಪ್ರಸಾದ್ ಹಾಕ್ತಾನೆ. ಆದ್ರೆ ಹಸನ್, ನೀವು ಮೊದ್ಲು ಬಂಡೆ ಹತ್ತಿ. ಇಂಜಿನಿಯರ್ ನಂಬರು ನಾನು ಕೊಡ್ತೇನೆ. ನಿಜ ಹೇಳಿ."

"ಈಗಲಾ ಮೇಷ್ಟ್ರೇ? ಇವರ ಎದುರಿಗಾ?"

"ಇವರ ಎದುರಿಗೇ!"

ಎದುರಿಗೆ ಕಣ್ಣಿಗೆ ಕಾಣುವ ಸರ್ಕಾರ, ಫೋನಿನೊಳಗೆ ಕಾಣದ ಸರ್ಕಾರ. ಹಸನ್ ಕಾಕ ಬಂಡೆ ಹತ್ತಿ ನಂಬರು ಒತ್ತಿದರು. ಆ ಕಡೆ "ಹಲೋ" ಬಂತು.

"ಸಾರ್... ರಸ್ತೆ... ಅಷ್ಟೊಂದು ಸರಿ ಇಲ್ಲ ಅಂತ..."

"ಗಟ್ಟಿಯಾಗಿ!" ಎಂದಿತು ಊರು.

"ರಸ್ತೆ ಸರಿ ಇಲ್ಲ ಸಾರ್!"

ಅಷ್ಟು ಹೇಳಿದ್ದೇ ತಡ, ಮೂರು ವಾರ ಒಳಗೆ ಕಟ್ಟಿಟ್ಟದ್ದೆಲ್ಲ ಏರಿ ಒಡೆದ ಕೆರೆಯ ಹಾಗೆ ನುಗ್ಗಿತು. ಯಾವ ಹೊಂಡ ಯಾವ ವರ್ಷ ಹುಟ್ಟಿತು, ಅದು ಯಾರ ಆಕ್ಸೆಲ್ ನುಂಗಿತು, ಯಾವ ತಿರುವಿನಲ್ಲಿ ಬಾಣಂತಿಯನ್ನು ಜೀಪಿನಿಂದ ಇಳಿಸಿ ನಡೆಸಬೇಕಾಯಿತು, ಒಂದನ್ನೂ ಬಿಡಲಿಲ್ಲ. ಕರೆಂಟು ಬಂತು, ಬಸ್ಸು ಬಂತು, ಪಂಚಾಯ್ತಿ ಪೈಪೂ ಬಂತು! ಹನ್ನೊಂದು ನಿಮಿಷ! ಮಧ್ಯದಲ್ಲಿ ಕೆಳಗಿನಿಂದ ಯಾರೋ ಕೂಗಿದರು. "ಆ ಮೋರಿ ಹತ್ರದ್ದು ಬಿಟ್ಟುಹೋಯ್ತು, ಅದನ್ನೂ ಸೇರಿಸಿ!" ನೋಡಿದರೆ ಪೇದೆ ವೀರೇಂದ್ರ, ಮಂಡಿ ತಿಕ್ಕಿಕೊಳ್ಳುತ್ತಿದ್ದರು.

ಮೇಷ್ಟ್ರೂ ಪ್ರಸಾದನೂ ಸಹಿ ಹಾಕಿದರು. ಕಾಕ ಬೆವರು ಒರೆಸುತ್ತಾ ಇಳಿದು ಬಂದು ಮೆಲ್ಲಗೆ ಕೇಳಿದರು. "ಸಾರ್, ನಾನೀಗ ಬಯ್ದದ್ದೆಲ್ಲ ಎಲ್ಲಾದ್ರೂ ರೆಕಾರ್ಡ್ ಆಗಿರ್ತದಾ? ಸರ್ಕಾರ ನಮ್ಮ ಫೋನ್ ಕೇಳ್ತದಾ?"

"ಮೇಲಿನವರು ಯಾರದ್ದು ಕೇಳ್ತಾರೋ, ಯಾಕೆ ಕೇಳ್ತಾರೋ ನಮಗೆ ಹೇಳಿ ಕೇಳ್ತಾರಾ ಮಾರಾಯ್ರೇ? ನನಗೆ ಗೊತ್ತಿಲ್ಲ" ಎಂದರು ವೀರೇಂದ್ರ. "ಆದ್ರೆ ನಿಮ್ಮೂರಿಗೆ ಅಷ್ಟೆಲ್ಲ ಯಂತ್ರ ಬೇಡ. ಒಂದು ಸ್ಟೂಲ್ ಹಾಕಿ ಇಲ್ಲಿ ಕೂತ್ರೆ ಸಾಕು!"

ಊರು ನಕ್ಕಿತು. ಕಾಕನೂ ನಗಲು ನೋಡಿದರು. ವೀರೇಂದ್ರ ಟ್ಯಾಬ್ ಒತ್ತುತ್ತಾ ರಹೀಮಕ್ಕನ ಕಡೆ ತಿರುಗಿದರು.

"ಕೊನೇ ಮಾತಮ್ಮ. ಊರಲ್ಲಿ ನಿಮಗೆ ಯಾರದ್ದಾದ್ರೂ ತೊಂದರೆ ಇದೆಯಾ?"

"ಇದೆ ಸಾರ್" ಎಂದರು ರಹೀಮಕ್ಕ.

ನಗು ನಿಂತಿತು.

"ಮೂರು ವಾರದಿಂದ ಒಬ್ಬರು ನನ್ನ ಫೋನಿಗೆ ಕಿವಿ ಕೊಟ್ಟು ಕೇಳ್ತಾ ಇದಾರೆ. ಅಕ್ಕನ ಹತ್ರ ಒಂದು ಮಾತಾಡ್ಲಿಕ್ಕೆ ಬಿಡ್ತಾ ಇಲ್ಲ."

ವೀರೇಂದ್ರ ಕುಂಟುವುದನ್ನು ಮರೆತು ನೆಟ್ಟಗೆ ನಿಂತರು. "ಯಾರಮ್ಮ ಅದು? ಹೆಸರು ಹೇಳಿ, ಬರ್ಕೊಳ್ತೇನೆ!"

ರಹೀಮಕ್ಕ ಬೆರಳೆತ್ತಿ ತೋರಿಸಿದರು. ನಲವತ್ತು ಮುಖಗಳು ಒಟ್ಟಿಗೆ ಹಸನ್ ಕಾಕನ ಕಡೆ ತಿರುಗಿದವು.

ಕಾಕನ ಭದ್ರತಾ ಇಲಾಖೆ ಅಲ್ಲೇ, ಆ ನಿಮಿಷವೇ ಮುಚ್ಚಿಹೋಯಿತು. ಅವರು ಜೇಬಿನಿಂದ ಫೋನು ತೆಗೆದು ಹೆಂಡತಿಯ ಕೈಗೆ ಕೊಟ್ಟು, ತಲೆ ತಗ್ಗಿಸಿ ಗೇಟಿನ ಕಡೆ ಇಳಿದರು. ನಾಲ್ಕು ಹೆಜ್ಜೆ ಹೋಗಿ, ತಿರುಗಿ, ಅಲ್ಲೇ ನಿಂತಿದ್ದ ಊರನ್ನು ನೋಡಿ, "ಬನ್ನಿ ಮಾರಾಯ್ರೇ, ಎಲ್ರೂ ಬನ್ನಿ! ಅವಳು ಮಾತಾಡ್ಲಿ!" ಎಂದರು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಅಂದು ರಹೀಮಕ್ಕ ಬಂಡೆಯ ಮೇಲೆ ಒಬ್ಬರೇ ಕುಳಿತು ಮುಕ್ಕಾಲು ಗಂಟೆ ಮಾತಾಡಿದರು. ಏನು ಮಾತಾಡಿದರು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಹನ್ನೆರಡನೆಯ ದಿನ ಅಂಚೆಯಲ್ಲಿ ಪಾಸ್‌ಪೋರ್ಟ್ ಬಂತು. ರಸ್ತೆಯದು ಮಾತ್ರ ಹಾಗಾಗಲಿಲ್ಲ. ಹನ್ನೊಂದು ನಿಮಿಷ ಕೇಳಿದ ಇಂಜಿನಿಯರು, "ಬಾಯಿಮಾತು ನಡೆಯೋದಿಲ್ಲ, ಹೊಸದಾಗಿ ಅರ್ಜಿ ಕೊಡಿ" ಎಂದರಂತೆ. ಹೊಗಳಿದ್ದಕ್ಕೆ ಬಾಯಿಮಾತು ಸಾಕಾಗಿತ್ತು, ಬಯ್ಯಲಿಕ್ಕೆ ಕಾಗದ ಬೇಕು! ಮೇಷ್ಟ್ರು ಅರ್ಜಿ ಬರೆದಿದ್ದಾರೆ. ಮೊದಲ ಸಹಿ ಹಸನ್ ಕಾಕನದು. ಎಸ್ಟೇಟಿನ ಕೂಲಿಯವರಿರುವ ಲೈನಿನ ಹದಿನಾಲ್ಕು ಮನೆಯವರ ಸಹಿ ಇನ್ನೂ ಆಗಿಲ್ಲ. ನಾಳೆ ಬೆಳಿಗ್ಗೆ ಅವರು ಕೆಲಸಕ್ಕೆ ಹೊರಡುವ ಮೊದಲು ನಾನು ಹೋಗಿ ಅದನ್ನು ಹಾಕಿಸಿಕೊಂಡು ಬರುತ್ತೇನೆ.