ಮಾಮಾನ ಟ್ರ್ಯಾಕ್ಟರಿಗೆ ಟರ್ಬೊ

ನಮ್ಮ ಮಾಮಾನಿಗೆ ತಲೆ ಇಲ್ಲವೆಂದು ಹಿರೇಬೆಂಡಿಗೇರಿಯಲ್ಲಿ ಯಾರೂ ಹೇಳುವುದಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಇದೆ ಎನ್ನುತ್ತಾರೆ! ಇಲ್ಲದಿದ್ದರೆ ತನ್ನ ಪಾಡಿಗೆ ಕಬ್ಬು ಎಳೆದುಕೊಂಡಿದ್ದ ಮುದಿ ಟ್ರ್ಯಾಕ್ಟರಿಗೆ ಯಾರಾದರೂ ಪವರ್ ಹೆಚ್ಚಿಸುವ ಟರ್ಬೊ ಕೂರಿಸುತ್ತಾರೆಯೇ?

ಅತ್ತೆ ತೀರಿಕೊಂಡ ಮೇಲೆ ಹತ್ತಿದ ಹುಚ್ಚು ಇದು. ಸವಣೂರಿನ ಗುಜರಿಯಿಂದ ಯಾವುದೋ ಲಾರಿಯ ಟರ್ಬೊ ತಂದ. ಆದರೆ ಎಂಜಿನ್ನಿನ ಹೊಗೆಯನ್ನು ಅದಕ್ಕೆ ಒಯ್ಯುವ ಕವಲು ಕೊಳವೆ, ಅಂದರೆ ಮ್ಯಾನಿಫೋಲ್ಡು, ಯಾವ ಅಂಗಡಿಯಲ್ಲೂ ಸಿಗಲಿಲ್ಲ.

"ನಾನ ಮಾಡ್ತೇನಿ. ಒಂದೀಟು ಚಪಾತಿ ಹಿಟ್ಟು ನಾದಿಕೊಡು, ಯವ್ವಾ."

"ಹಿಟ್ಟು ಯಾಕ ಮಾಮಾ?"

"ಮ್ಯಾನಿಫೋಲ್ಡಿಗೆ!"

ಪಕ್ಕದ ಮನೆಯಲ್ಲಿರುವ ಆತನ ಅಕ್ಕನ ಮಗಳು ನಾನು, ನಾದದೆ ಏನು ಮಾಡಲಿ? ಮಾಮಾ ಹಿಟ್ಟನ್ನು ಹೊಸೆದು, ಎಂಜಿನ್ನಿನ ಪಕ್ಕ ಹಿಡಿದು, ಕೊಳವೆಯ ತಿರುವು ನೋಡಿಕೊಂಡು ಕಟ್ಟೆಯ ಮೇಲೆ ಒಣಗಲಿಟ್ಟ. ಎಮ್ಮೆ ತಿಂದುಬಿಟ್ಟಿತು. "ನನ್ನ ಡಿಜೈನ ತಿಂದ್ಯಲ್ಲೇ!" ಎಂದು ಅದರ ಬಾಯಿಗೇ ಕೈ ಹಾಕಿದ.

ಕೊನೆಗೆ ಹಾನಗಲ್ಲಿನ ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಕತ್ತರಿಸಿ ಬೆಸೆದದ್ದಾಯಿತು. ಎಂಜಿನ್ನಿಗೆ ಕೂರಬೇಕಾದ ಕಬ್ಬಿಣದ ಪಟ್ಟಿಯನ್ನು ಬಿಗಿಯದೇ ಬೆಸೆದಿದ್ದರಿಂದ, ಕಾವಿಗೆ ಅದು ಹಪ್ಪಳದ ಹಾಗೆ ಸೊಟ್ಟಗಾಯಿತು. ಬೋಲ್ಟಿನ ಒಂದು ತೂತೂ ಕೂಡಲಿಲ್ಲ. "ಬಿಸಿಲಿಗೆ ಒಣಗಸ್ರಿ, ಕರಿಯಾಕ ಬರ್ತೈತಿ" ಎಂದ ವೆಲ್ಡಿಂಗಿನವನು.

ಮಾಮಾ ಬಿಟ್ಟಾನೆಯೇ? ಗುಜರಿಯಿಂದ ಅಂಥದೇ ಹಳೆಯ ಎಂಜಿನ್ನಿನ ಹೆಡ್ಡು, ಅಂದರೆ ಮೇಲ್ಭಾಗ, ತಂದು ಅದಕ್ಕೆ ಪಟ್ಟಿಯನ್ನು ಬಿಗಿದು ಮತ್ತೆ ಬೆಸೆಸಿದ. ಕೂತಿತು! ಬಾನೆಟ್ಟು ಮುಚ್ಚಲಿಲ್ಲ, ಅದಕ್ಕೊಂದು ಕಿಟಕಿ ಕೊರೆಸಿದ.

"ಇಷ್ಟು ಪವರ್ ಯಾಕ ಬೇಕು ನಿನಗ?" ನಾನು ನಗುತ್ತಲೇ ಕೇಳಿದೆ.

"ಪವರ್ ಯಾರಿಗೆ ಬೇಕ? ಸಪ್ಪಳ ಬದಲಾಗಲಿ ಅಂತ."

ನನ್ನ ನಗು ಅಲ್ಲೇ ನಿಂತಿತು. ಟ್ರ್ಯಾಕ್ಟರು ಊರ ಅಗಸಿಬಾಗಿಲು ದಾಟಿದರೆ ಸಾಕು, ಆ ಗುಡುಗುಡು ಕೇಳಿ ಅತ್ತೆ ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತಿದ್ದಳು. ಮಾಮಾ ಕೈಕಾಲು ತೊಳೆಯುವಷ್ಟರಲ್ಲಿ ರೊಟ್ಟಿ ಉಬ್ಬಿರುತ್ತಿತ್ತು. ಈಗಲೂ ಅದೇ ಸಪ್ಪಳ, ಆದರೆ ಒಲೆ ತಣ್ಣಗೆ. ಅದನ್ನು ಕೇಳಲಾರದೆ ನಮ್ಮ ಮಾಮಾ ಇಷ್ಟೆಲ್ಲ ಒದ್ದಾಡಿದ್ದ.

ಮರುದಿನ ಸಂಜೆ ಟ್ರ್ಯಾಕ್ಟರು ಬಂದದ್ದೇ ಗೊತ್ತಾಗಲಿಲ್ಲ. ಗುಡುಗುಡು ಅಡಗಿ ಬರೀ ಸುಂಯ್ ಎನ್ನುತ್ತಿತ್ತು.

"ಗೆದ್ದಿ ಮಾಮಾ!" ಎಂದೆ.

ಆತ ಇಳಿಯಲಿಲ್ಲ. ತನ್ನ ಮನೆಯ ಬಾಗಿಲನ್ನೇ ನೋಡುತ್ತ ಕುಳಿತಿದ್ದ. ಆಮೇಲೆ ಪಾನಾ ತಂದು, ಎಂಜಿನ್ನು ಆರುವ ಮೊದಲೇ ಬೋಲ್ಟು ಬಿಚ್ಚತೊಡಗಿದ.

"ಕೈ ಸುಡ್ತಾವ! ಚಲೋ ಕೂತಿತ್ತಲ್ಲ, ಯಾಕ ತಗೀತಿ?"

"ಹಳೇದ ಹಾಕ್ತೇನಿ, ಯವ್ವಾ. ನಾ ಬಂದದ್ದು ಅಕಿಗೆ ಗೊತ್ತಾಗಬೇಕಲ್ಲ?"